ಹನ್ನೆರಡನೇ ನಂಬರಿನ ಅಳಿಯಂದಿರು

ಬಾಸ್ಕೆಟ್‌ಬಾಲ್ ಆಡುವುದಕ್ಕೆ ಐದು ಜನ ಸಾಕು. ಆದರೆ ಪಟ್ಟಿಯಲ್ಲಿ ಹನ್ನೆರಡು ಹೆಸರು ಬರೆಯಬಹುದು ಎಂದು ಯಾರೋ ಪುಣ್ಯಾತ್ಮರು ನಿಯಮ ಮಾಡಿಟ್ಟಿದ್ದಾರೆ. ಸರ್ಕಾರಿ ನೌಕರನಿಗೆ ಇದಕ್ಕಿಂತ ಉಪಕಾರದ ನಿಯಮ ಇನ್ನೊಂದಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಓ.ಓ.ಡಿ. ಸಿಗುತ್ತದೆ, ಅಂದರೆ ಕಚೇರಿಗೆ ಹೋಗದಿದ್ದರೂ ಹೋದ ಹಾಗೆ ಹಾಜರಾತಿ. ಹೀಗಾಗಿ ಮಧುಗಿರಿಯ ನೌಕರರ ತಂಡದಲ್ಲಿ ಆಡುವವರು ಐದು ಜನ, ಆ ದಿನಗಳಲ್ಲಿ ಮದುವೆ, ನಾಮಕರಣ, ಬೀಗರೂಟ ಮುಗಿಸಿಕೊಳ್ಳುವವರು ಆರು ಜನ. ಹನ್ನೆರಡನೆಯವನು ನಾಗಭೂಷಣ್.

ನಾಗಭೂಷಣ್ ತಂಡ ಸೇರಿದ್ದೇ ಒಂದು ಕೈತಪ್ಪಿನಿಂದ. ಆತ ಎರಡನೇ ದರ್ಜೆ ಗುಮಾಸ್ತ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಒಂಬತ್ತು ವರ್ಷದ ಹಿಂದೆ ತಂಡದ ನಾಯಕ, ರೆವಿನ್ಯೂ ಇನ್ಸ್‌ಪೆಕ್ಟರ್ ಜಯಕುಮಾರ್, "ಈ ಹನ್ನೊಂದು ಹೆಸ್ರು ನೀಟಾಗಿ ಬರ್ಕೊಡಪ್ಪ" ಅಂದರು. ನಾಗಭೂಷಣನ ತಂದೆ ಪತ್ರ ಬರೆಯುತ್ತಿದ್ದವರು. ಕ್ರಯಪತ್ರವಾಗಲಿ ಪಾಲುಪಟ್ಟಿಯಾಗಲಿ, ಕೊನೆಗೆ 'ಬಿಕ್ಕಲಂ' ಅಂತ ಬರೆದವನ ಹೆಸರು ಹಾಕದಿದ್ದರೆ ಅದು ಪತ್ರವೇ ಅಲ್ಲ ಎಂದು ಮಗನನ್ನು ಬೆಳೆಸಿದ್ದರು. ಮಗ ಹನ್ನೊಂದು ಹೆಸರು ಬರೆದು, ಕೈರೂಢಿಯಂತೆ ಕೆಳಗೆ 'ಬಿಕ್ಕಲಂ ನಾಗಭೂಷಣ್' ಅಂತಲೂ ಬರೆದ. ಬಿಕ್ಕಲಂ ಅಂದರೇನೆಂದು ತಿಳಿಯದ ಪಂದ್ಯಾವಳಿ ಸಮಿತಿಯವರು, ಅದು ಅವನ ಊರೋ ಮನೆತನವೋ ಇರಬೇಕೆಂದು ಹನ್ನೆರಡನೇ ನಂಬರಿನ ಬನಿಯನ್ ಕಳಿಸಿಕೊಟ್ಟರು. ಸರ್ಕಾರಿ ದಾಖಲೆಯಲ್ಲಿ ಹೆಸರು ಸೇರಿಸುವುದೇ ಕಷ್ಟ, ಸೇರಿದ ಹೆಸರು ತೆಗೆಸುವುದು ಯಾರಪ್ಪನ ಕೈಲೂ ಆಗುವುದಿಲ್ಲ.

ಅಲ್ಲಿಂದೀಚೆಗೆ ಆತ ಒಂದು ನಿಮಿಷವೂ ಆಡಿರಲಿಲ್ಲ. ಐದಡಿ ಮೂರಂಗುಲದ ಆಳು. ಬುಟ್ಟಿ ಇರುವುದು ಹತ್ತಡಿ ಮೇಲೆ. ಅಂಕಣದ ಪಕ್ಕ ಆತನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಿದ್ದರು. ಆಡುವವರ ಫೋನು, ಪರ್ಸು, ಕನ್ನಡಕ, ಉಂಗುರ ಎಲ್ಲ ಆತನ ವಶ. ನೀರಿನ ಕ್ಯಾನು, ಟವೆಲು ಆತನ ವಶ. ಗುಮಾಸ್ತನ ಕೈ ಸುಮ್ಮನಿರಬೇಕಲ್ಲ, ಒಂದು ಪುಸ್ತಕದಲ್ಲಿ ಗೆರೆ ಎಳೆದು, ಎದುರು ತಂಡದವರು ಯಾವ ಕೈಯಲ್ಲಿ ಚೆಂಡು ಪುಟಿಸುತ್ತಾರೆ, ಯಾವ ಕಡೆಯಿಂದ ನುಗ್ಗುತ್ತಾರೆ ಅಂತ ಬರೆದುಕೊಳ್ಳುತ್ತಿದ್ದ. ಅದನ್ನು ಯಾರೂ ಓದುತ್ತಿರಲಿಲ್ಲ. ಕಚೇರಿಯಲ್ಲಿ ಆತ ಬರೆದ ಕಡತಗಳ ಗತಿಯೂ ಅದೇ ಆಗಿದ್ದರಿಂದ ಆತನಿಗೆ ಬೇಸರವೇನೂ ಇರಲಿಲ್ಲ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಹೋದ ಅವರೆಕಾಯಿ ಕಾಲದಲ್ಲಿ.

ಮಾವ ನಾಗಲಿಂಗಯ್ಯನವರು ಹೊಳವನಹಳ್ಳಿಯಿಂದ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಮಧುಗಿರಿಗೆ ಬಂದರು. ಅವರು ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದವರು. ಸಾಹೇಬರ ಕೋಣೆಯ ಬಾಗಿಲಾಚೆ ಸ್ಟೂಲಿನ ಮೇಲೆ ಕಾದಿದ್ದು, ಬೆಲ್ ಹೊಡೆದಾಗಲೆಲ್ಲ ಒಳಗೆ ಓಡಿ ಓಡಿ ಅವರಿಗೆ ಪ್ರಪಂಚ ಎರಡು ಭಾಗವಾಗಿ ಕಾಣುತ್ತಿತ್ತು: ಕುರ್ಚಿಯಲ್ಲಿ ಕೂತಿರುವವರು, ಅವರಿಗಾಗಿ ಓಡುವವರು. ಅಳಿಯ ಬರೀ ಗುಮಾಸ್ತ ಅನ್ನುವ ಕೊರಗು ಮದುವೆಯಾದ ಆರು ವರ್ಷದಿಂದಲೂ ಇತ್ತು. ಬಂದಾಗಲೆಲ್ಲ "ಪ್ರಮೋಷನ್ ಏನಾಯ್ತು?" ಅಂತ ಕೇಳಿ, ಉತ್ತರ ಬರುವ ಮೊದಲೇ ಒಂದು ನಿಟ್ಟುಸಿರು ಬಿಡುತ್ತಿದ್ದರು.

"ಇವ್ರು ಮ್ಯಾಚಿಗೆ ಹೋಗವ್ರೆ ಕಣಪ್ಪ, ಗ್ರೌಂಡಲ್ಲಿ ನೋಡೋಗು" ಅಂದಳು ಮಗಳು ಮಂಜುಶ್ರೀ.

ನಾಗಲಿಂಗಯ್ಯನವರು ಮೈದಾನಕ್ಕೆ ಹೋಗಿ ನೋಡಿದವರು ನಿಂತಲ್ಲೇ ಕಲ್ಲಾದರು. ಐದು ಜನ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಆಚೆಗೂ ಈಚೆಗೂ ಓಡುತ್ತಿದ್ದಾರೆ. ಅಳಿಯ ಮಾತ್ರ ಕುರ್ಚಿಯಲ್ಲಿ ಕೂತಿದ್ದಾನೆ. ಹೆಗಲ ಮೇಲೆ ಬಿಳಿ ಟವೆಲು, ಮುಂದೆ ಸಾಲಾಗಿ ಆರು ಫೋನು. ಅಷ್ಟರಲ್ಲಿ ಪೀಪಿ ಊದಿದರು. ಐದೂ ಜನ ಓಡಿ ಬಂದು ಅಳಿಯನ ಸುತ್ತ ಬಗ್ಗಿ ನಿಂತರು. ಅಳಿಯ ಪುಸ್ತಕ ನೋಡಿಕೊಂಡು ಏನೋ ಹೇಳಿದ. ಅವರು ನೀರು ಕುಡಿಯುತ್ತ ತಲೆಯಾಡಿಸಿದರು. ಅವರಲ್ಲೊಬ್ಬರು ಸಾಕ್ಷಾತ್ ಆರ್.ಐ. ಸಾಹೇಬರು! ನಾಗಲಿಂಗಯ್ಯನವರ ಕೈ ಅವರಿಗರಿವಿಲ್ಲದೆ ನಮಸ್ಕಾರಕ್ಕೆ ಏರಿತು.

"ಅಳಿಯಂದ್ರೇ," ಅಂದರು ಆಮೇಲೆ. ಅಲ್ಲಿಯವರೆಗೂ ಅವರು ಆತನನ್ನು ಕರೆಯುತ್ತಿದ್ದುದು 'ಏನಪ್ಪ' ಅಂತ. "ಆರ್.ಐ. ಸಾಹೇಬ್ರೇ ಓಡ್ತಾವ್ರೆ, ನೀವು ಕೂತಿದ್ದೀರಿ! ಎಷ್ಟ್ ವರ್ಷದಿಂದ ಇಂಗೆ?"

"ಒಂಬತ್ತು ವರ್ಷ ಆಯ್ತು ಮಾವ."

"ಒಂದ್ಸಲಾನೂ ಓಡಿಲ್ವಾ?"

"ಇಲ್ಲ ಮಾವ."

ಇಷ್ಟೂ ನಿಜವೇ. ಇಲ್ಲಿ ನಿಲ್ಲಿಸಿ, 'ನನಗೆ ಆಡಕ್ಕೆ ಬರಲ್ಲ' ಅಂತ ಇನ್ನೊಂದು ವಾಕ್ಯ ಸೇರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆರು ವರ್ಷದಲ್ಲಿ ಮಾವ ಮೊದಲ ಸಲ ಬಹುವಚನ ಹಚ್ಚಿ ಮಾತಾಡಿಸಿದ್ದರು. ಬಾಯಿಗೆ ಬಂದ ತುತ್ತನ್ನು ಉಗುಳುವುದಕ್ಕೆ ನಾಗಭೂಷಣ್ ಏನು ಸನ್ಯಾಸಿಯೇ? ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಗಂಭೀರವಾಗಿ ಕೂತ.

ಮುಂದಿನ ವಾರ ಹೊಳವನಹಳ್ಳಿ ಬಸ್‌ಸ್ಟಾಪಿನಲ್ಲಿ ಇಳಿದವನು ತಲೆಯೆತ್ತಿ ನೋಡಿದ. ಹತ್ತಡಿ ಅಗಲದ ಫ್ಲೆಕ್ಸಿನಲ್ಲಿ ಆತನೇ ಕೂತಿದ್ದ. ಹಿಂದೆ ಐದು ಆಟಗಾರರು ಬೆವರೊರೆಸಿಕೊಳ್ಳುತ್ತ ನಿಂತಿದ್ದರು. ಮೇಲೆ ಕೆಂಪಕ್ಷರದಲ್ಲಿ 'ಕೂತಲ್ಲಿಂದಲೇ ತಂಡ ಗೆಲ್ಲಿಸುವ ನಮ್ಮೂರ ಅಳಿಯಂದಿರಿಗೆ ಸುಸ್ವಾಗತ' ಎಂದಿತ್ತು. ಕೆಳಗೆ ಸ್ವಾಗತ ಕೋರುವವರ ಇಪ್ಪತ್ತೆರಡು ಮುಖ. ಅವರಲ್ಲಿ ನಾಲ್ಕು ಜನರನ್ನೂ ಆತ ನೋಡಿರಲಿಲ್ಲ.

ಪಕ್ಕದ ಮನೆಯ ಬಸವಲಿಂಗಯ್ಯ, ಊರಿನ ಎಲ್ಲ ವಿಷಯದಲ್ಲೂ ಅನುಮಾನ ಪಡುವ ಮನುಷ್ಯ, ಅಳಿಯನನ್ನು ಕರೆದೊಯ್ಯಲು ಬಂದಿದ್ದ ನಾಗಲಿಂಗಯ್ಯನವರನ್ನು ಅಂಗಡಿ ಕಟ್ಟೆಯಿಂದಲೇ ಕೇಳಿದ: "ಅಲ್ಲ ನಾಗಲಿಂಗಣ್ಣ, ಆಟ ಅಂದ್ಮೇಲೆ ಆಡ್ಬೇಕಲ್ವಾ? ಇವ್ರು ಕೂತ್ಕಂಡು ಏನ್ ಮಾಡ್ತಾರೆ?"

"ಲೇ ಬಸಣ್ಣ, ಡೀಸಿ ಸಾಹೇಬ್ರು ಗುದ್ದಲಿ ಹಿಡ್ದು ಕೆರೆ ಹೂಳು ಎತ್ತಿದ್ದು ನೋಡಿದ್ದೀಯಾ?"

"ಇಲ್ಲ."

"ಹೂಳು ಎತ್ತಿಲ್ವಾ ಕೆರೇದು?"

ಬಸವಲಿಂಗಯ್ಯನಿಗೆ ಈ ವಾದದಲ್ಲಿ ಎಲ್ಲೋ ತೂತಿದೆ ಅನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

ಅವತ್ತು ಮಧ್ಯಾಹ್ನ ಅವರೆಕಾಳಿನ ಸಾರು, ಮುದ್ದೆ ಮುಗಿದ ಮೇಲೆ ನಿಜವಾದ ವಿಷಯ ಬಂತು. ಮಾವನ ಎರಡನೇ ಮಗಳು ಯಶಸ್ವಿನಿಗೆ ಹದಿನಾರು ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳ ಓಟಕ್ಕೆ ಸಮ ಯಾರೂ ಇರಲಿಲ್ಲ. ಜಿಲ್ಲೆಗೇ ಮೊದಲಿಗಳಾಗಿ ಸ್ಪೋರ್ಟ್ಸ್ ಹಾಸ್ಟೆಲಿಗೆ ಆಯ್ಕೆಯಾಗಿದ್ದಳು. ಫಾರಂ ಬಂದು ಇಪ್ಪತ್ತು ದಿನವಾಗಿತ್ತು. ಅಪ್ಪನ ಸಹಿ ಮಾತ್ರ ಬಿದ್ದಿರಲಿಲ್ಲ. ಅವಳ ಒಂದು ಪಂದ್ಯಕ್ಕೂ ಅಪ್ಪ ಹೋದವರಲ್ಲ.

"ನಮ್ಮನೇಲಿ ಒಬ್ಬ ಓಡಿದ್ದು ಸಾಲ್ದಾ?" ಅಂದರು ನಾಗಲಿಂಗಯ್ಯನವರು. "ಮೂವತ್ತಾರು ವರ್ಷ ಬೆಲ್ಲಿಗೆ ಓಡಿದ್ದೀನಿ. ನನ್ ಮಗಳು ಇನ್ಯಾರ್ದೋ ಪೀಪಿಗೆ ಓಡೋದು ನಂಗ್ ಬ್ಯಾಡ. ಭಾವನಂಗೆ ಕೂರೋ ಪೋಸ್ಟ್ ಕೊಡ್ತೀವಿ ಅಂದ್ರೆ ಈಗ್ಲೇ ಸೈನ್ ಹಾಕ್ತೀನಿ."

ಅತ್ತೆ ಚನ್ನಮಲ್ಲಮ್ಮ ಒಳಗಿಂದ, "ಅದ್ರ ಕಣ್ಣೀರು ನೋಡಕ್ಕಾಗಲ್ಲ, ಹಾಕ್ಬಾರ್ದಾ" ಅಂದರು. ಆ ಮಾತು ಸೂರಿಗೆ ತಾಗಿ ಅಲ್ಲೇ ಉಳಿಯಿತು.

ಯಶಸ್ವಿನಿ ಭಾವನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವಳಿಗೆ ಆಡದವರನ್ನು ಕೂರಿಸುವ ಬೆಂಚು ಅಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

"ಭಾವ, ಅಪ್ಪಂಗೆ ನಿಜ ಹೇಳ್ಬೇಡಿ. ಭಾನುವಾರ ಶಿರಾದಲ್ಲಿ ನಿಮ್ಮ ಫೈನಲ್ ಐತಲ್ಲ, ಹಾಸ್ಟೆಲ್‌ನೋರು ಅಲ್ಲೇ ಟೇಬಲ್ ಹಾಕ್ಕೊಂಡಿರ್ತಾರಂತೆ. ಫಾರಂ ಕೊಡೋಕೆ ಅದೇ ಕೊನೇ ದಿನ, ಸಂಜೆ ಐದು ಗಂಟೆ ಒಳಗೆ. ಅಪ್ಪನ್ನ ಅಲ್ಲಿಗೆ ಕರ್ಕೊಂಡ್ ಬರ್ತೀನಿ. ನೀವು ಕೂತಿರೋದು ನೋಡಿ ಖುಷೀಲಿ ಸೈನ್ ಹಾಕ್ಬುಡ್ತಾರೆ. ಆಮೇಲೆ ನಾನು ಹೆಂಗೋ ನೋಡ್ಕೊಂತೀನಿ. ನೀವು ಮಾತ್ರ ಏನೇ ಆದ್ರೂ ಎದ್ದೇಳ್ಬೇಡಿ."

ನಾಗಭೂಷಣ್ ನಕ್ಕುಬಿಟ್ಟ. ಎದ್ದು ಆಡು ಅಂದಿದ್ದರೆ ಹೆದರಬೇಕಿತ್ತು. ಕೂತಿರು ಅನ್ನುವುದನ್ನು ಅವನಿಗೆ ಹೇಳಿಕೊಡಬೇಕೇ? "ಅದ್ ನಂಗ್ ಬಿಡಮ್ಮ. ಒಂಬತ್ತು ವರ್ಷದ ಸರ್ವಿಸ್ ಐತೆ" ಅಂದ.

ಭಾನುವಾರ ಶಿರಾದ ಮೈದಾನದಲ್ಲಿ ಗಾಳಿ ಎಂಥದ್ದೆಂದರೆ ಶಾಮಿಯಾನವೇ ಊರು ಬಿಟ್ಟು ಹೋಗುವ ಅಂದಾಜಿನಲ್ಲಿತ್ತು. ಎದುರಾಳಿ ಪಾವಗಡದ ತಂಡ. ಅದರಲ್ಲಿ ಪ್ರಭುದೇವ್ ಅಂತ ಒಬ್ಬ ಲೈನ್‌ಮನ್ನು, ರಾಯಚರ್ಲು ಕಡೆಯವನು, ಆರಡಿ ಎರಡಂಗುಲ. ಕಂಬ ಹತ್ತಲು ಅವನಿಗೆ ಅರ್ಧ ಏಣಿ ಸಾಕು. ನಾಲ್ಕು ವರ್ಷದಿಂದ ಮಧುಗಿರಿಯನ್ನು ಒಬ್ಬನೇ ಸೋಲಿಸುತ್ತಿದ್ದ. ನಾಗಭೂಷಣನ ಪುಸ್ತಕದಲ್ಲಿ ಅವನಿಗೆಂದೇ ಮೂರು ಪುಟವಿತ್ತು. 'ಎರಡು ಸಲ ಪುಟಿಸುತ್ತಾನೆ. ನಾಲಿಗೆ ಕಚ್ಚುತ್ತಾನೆ. ಆಮೇಲೆ ಯಾವಾಗಲೂ ಎಡಗಡೆಯಿಂದಲೇ ನುಗ್ಗುತ್ತಾನೆ.' ಇದನ್ನು ಪ್ರತಿ ವರ್ಷ ಪ್ರತಿ ವಿರಾಮದಲ್ಲೂ ಓದಿ ಹೇಳಿದ್ದ. ಎಲ್ಲರೂ ನೀರು ಕುಡಿಯುತ್ತ 'ಹೂಂ' ಅಂದಿದ್ದರು.

ನಾಗಲಿಂಗಯ್ಯನವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಬಸವಲಿಂಗಯ್ಯನ ಜೊತೆ ಊರಿನ ಇನ್ನೂ ಹತ್ತು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದರು. ಅಳಿಯನ ಕುರ್ಚಿಯ ಹಿಂದೆಯೇ ಸಾಲಾಗಿ ನಿಂತರು. ಪಕ್ಕದಲ್ಲಿ ಮಂಜುಶ್ರೀ, ಅವಳ ಪಕ್ಕ ಫಾರಂ ಹಿಡಿದ ಯಶಸ್ವಿನಿ.

"ನೋಡ್ಲಾ ಬಸಣ್ಣ, ಕೂತಿರೋ ಠೀವಿ ನೋಡು" ಅಂದರು. ಬಸವಲಿಂಗಯ್ಯ ನೋಡಿದ. ಚಹಾ ಮಾರುತ್ತಿದ್ದ ಸಾಬರು ಕೂಡ ನೋಡಿ, "ಕೌನ್ ಸಾಬ್ ಹೈ ಇವ್ರು? ದೊಡ್ಡ ಆಫೀಸರ್ರಾ?" ಅಂತ ಕೇಳಿ, ನಾಗಭೂಷಣನಿಗೆ ಮೊದಲ ಲೋಟ ಕೊಟ್ಟರು.

ಮಧುಗಿರಿಯಿಂದ ಆ ದಿನ ಬಂದವರು ಏಳೇ ಜನ. ಆಡುವ ಐವರು, ನಾಗಭೂಷಣ್, ಮತ್ತೆ ನವೀನ್ ಕುಮಾರ್. ಈ ನವೀನ್ ಕುಮಾರ್ ಬಂದದ್ದು ಆಟದ ಪ್ರೀತಿಯಿಂದಲ್ಲ, ಆತ ಹೋಗಬೇಕಿದ್ದ ಮದುವೆ ಶಿರಾದಲ್ಲೇ ಇತ್ತು.

ನಾಲ್ಕರಲ್ಲಿ ಮೂರು ಭಾಗ ಆಟ ಮುಗಿಯುವವರೆಗೂ ಎಲ್ಲ ಸರಿಯಿತ್ತು. ಅಂಕಗಳು ಹೆಗಲಿಗೆ ಹೆಗಲು ಕೊಟ್ಟು ಹೋಗುತ್ತಿದ್ದವು. ಆಗ ನಾಗಭೂಷಣನ ಮುಂದಿದ್ದ ಫೋನುಗಳಲ್ಲಿ ಒಂದು ಬಡಿದುಕೊಂಡಿತು. ಅದು ತಂಡದ ಎತ್ತರದ ಆಟಗಾರ, ದನದ ಡಾಕ್ಟರ್ ಪರ್ವತಯ್ಯನವರದು.

"ಡಾಕ್ಟ್ರೇ, ಐ.ಡಿ.ಹಳ್ಳಿಯಿಂದ. ನಮ್ ಎಮ್ಮೆ ಈಯೋಕ್ಕಾಗ್ದೆ ಬಿದ್ಬುಟ್ಟೈತೆ, ಕರು ಅಡ್ಡ ತಿರುಗೈತೆ, ಬೇಗ್ ಬನ್ನಿ ನಮ್ಮಪ್ಪ!"

ನಾಗಭೂಷಣ್ ಫೋನು ಹಿಡಿದು ಲೆಕ್ಕ ಹಾಕಿದ. ಹೇಳಿದರೆ ಡಾಕ್ಟರು ಹೋಗುತ್ತಾರೆ. ಹೇಳದಿದ್ದರೆ ಎಮ್ಮೆ ಹೋಗುತ್ತದೆ. ಆತ ಒಳ್ಳೆಯ ಮನುಷ್ಯ, ಹೇಳಿಬಿಟ್ಟ. ಡಾಕ್ಟರು ಬನಿಯನ್ನಿನಲ್ಲೇ ಬೈಕ್ ಹತ್ತಿದರು. (ಅವರು ತಲುಪುವ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಕರು ತೆಗೆದು, ಅದು ಎದ್ದು ಹಾಲು ಕುಡಿಯುತ್ತಿತ್ತಂತೆ. ಅದು ಬೇರೆ ವಿಷಯ.)

ನವೀನ್ ಕುಮಾರ್ ಇಳಿದ. ಮದುವೆಮನೆಯಲ್ಲಿ ಐದು ಹೋಳಿಗೆಗೆ ತುಪ್ಪ ಸುರಿಸಿಕೊಂಡು ತಿಂದು ಬಂದಿದ್ದವನು ಓಡುವುದಾದರೂ ಹೇಗೆ? ಚೆಂಡಿನ ಹತ್ತಿರ ಹೋಗಲಾಗದೆ, ಹತ್ತಿರ ಬಂದವರನ್ನೆಲ್ಲ ಬೀಗರ ಹಾಗೆ ತಬ್ಬಿಕೊಂಡ. ತಬ್ಬಿದ್ದಕ್ಕೆಲ್ಲ ಒಂದೊಂದು ಫೌಲ್. ಐದು ಫೌಲಾದರೆ ಆಟಗಾರ ಆಚೆಗೆ, ಮತ್ತೆ ಒಳಗೆ ಬರುವಂತಿಲ್ಲ. ಎಂಟು ನಿಮಿಷದಲ್ಲಿ ಹೋಳಿಗೆಗೊಂದರಂತೆ ಐದು ಫೌಲ್ ಮುಗಿಸಿ, ಹೊಟ್ಟೆ ಹಿಡಿದುಕೊಂಡು ಮರಗಳ ಕಡೆ ನಡೆದ.

ಆಟ ಮುಗಿಯಲು ಎರಡು ನಿಮಿಷ ಬಾಕಿ. ಮಧುಗಿರಿ ಒಂದು ಅಂಕ ಮುಂದಿತ್ತು. ಅಂಕಣದಲ್ಲಿ ಉಳಿದವರು ನಾಲ್ಕು ಜನ. ಜಯಕುಮಾರ್ ತಿರುಗಿ ನೋಡಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರು ನೀರಿನ ಕ್ಯಾನನ್ನು ಬಿಟ್ಟು ನಾಗಭೂಷಣನನ್ನು ನೋಡಿದರು.

"ನಾಗಭೂಷಣ್... ಬಾರಪ್ಪ."

ನಾಗಭೂಷಣ್ ಹಿಂದೆ ತಿರುಗಿ, ಅದೇ ಹೆಸರಿನವರು ಇನ್ಯಾರಾದರೂ ಇದ್ದಾರಾ ಅಂತ ನೋಡಿದ. ಹಿಂದೆ ಮಾವ ನಿಂತಿದ್ದರು. ಯಶಸ್ವಿನಿ ತುಟಿ ಕಚ್ಚಿಕೊಂಡು 'ಬೇಡ' ಅಂತ ತಲೆಯಾಡಿಸುತ್ತಿದ್ದಳು. ಗಂಟೆ ನಾಲ್ಕು ಮುಕ್ಕಾಲು.

"ಸಾರ್, ನಾಲ್ಕೇ ಜನ ಆಡ್ಬೋದು ಸಾರ್. ನಾನ್ ಯಾಕೆ ಸಾರ್?" ಅಂತ ಆತ ರೆಫರಿಗೆ ಕೈಮುಗಿದ.

ರೆಫರಿ ನಿಯಮದ ಮನುಷ್ಯ. "ನಾಲ್ಕೇ ಜನ ಇದ್ರೆ ನಾಲ್ಕು ಜನ. ಕೈಕಾಲು ನೆಟ್ಟಗಿರೋ ಐದನೇವ್ರು ಪಟ್ಟೀಲಿ ಇದ್ದು, ಇಲ್ಲೇ ಕೂತಿದ್ರೆ ಇಳೀಲೇಬೇಕು. ಎದ್ದೇಳ್ರಿ!"

ನಾಗಭೂಷಣ್ ಎದ್ದ.

ಹೊಳವನಹಳ್ಳಿಯ ಹನ್ನೆರಡು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಆ ಗಾಳಿಯಲ್ಲೂ ಕೇಳಿಸಿತು. ನಾಗಲಿಂಗಯ್ಯನವರ ಮುಖ ಬಿಳಿಚಿತು. ತಾವು ಕಣ್ಣಾರೆ ಕಂಡದ್ದನ್ನು ನಂಬಲಾರದೆ ಎರಡು ಸಲ ಕಣ್ಣುಜ್ಜಿಕೊಂಡರು. ಆಮೇಲೆ ಗೆರೆ ದಾಟಿ ನುಗ್ಗಿದರು.

"ಎಬ್ಬಿಸ್ಬುಟ್ರಲ್ಲೋ! ಏನ್ ತಪ್ಪು ಮಾಡವ್ರೆ ನಮ್ಮ ಅಳಿಯಂದ್ರು? ಒಂಬತ್ತು ವರ್ಷದ ಸರ್ವಿಸ್ ಆಗಿರೋರನ್ನ ಒಂದು ನೋಟಿಸ್ ಕೊಡ್ದೆ, ವಿವರಣೆ ಕೇಳ್ದೆ ಓಡೋ ಕೆಲ್ಸಕ್ಕೆ ಹಾಕ್ತೀರಾ? ಯಾವ ರೂಲ್ಸಲ್ಲೈತೆ ಸಾರ್ ಇದು?"

"ಯಾರ್ರೀ ಇವ್ರು?" ಅಂದರು ರೆಫರಿ, ತಬ್ಬಿಬ್ಬಾಗಿ.

"ಮೊದ್ಲೇ ಅಂದಿದ್ದೆ, ಎಲ್ಲೋ ಏನೋ ಐತೆ ಅಂತ" ಅಂದ ಬಸವಲಿಂಗಯ್ಯ. ಸಂತೋಷ ತಡೆಯಲಾಗದೆ ಅವನ ದನಿ ನಡುಗುತ್ತಿತ್ತು.

ನಾಗಭೂಷಣನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ಭೂಮಿಗಿಂತ ತುರ್ತಾದ ಸಮಸ್ಯೆ ಇನ್ನೊಂದಿತ್ತು. ಫೋನು, ಪರ್ಸು, ಕನ್ನಡಕ ಯಾರ ವಶಕ್ಕೆ ಕೊಡುವುದು? ಬೆಂಚಿನಲ್ಲಿ ನರಪಿಳ್ಳೆ ಇರಲಿಲ್ಲ.

"ಮಾವ, ನಿಮ್ ಕಾಲಿಗೆ ಬೀಳ್ತೀನಿ, ಇವನ್ನ ಸ್ವಲ್ಪ ನೋಡ್ಕಳಿ" ಅಂತ ಎಲ್ಲವನ್ನೂ ಅವರ ಪಂಚೆಯ ಮಡಿಲಿಗೆ ಸುರಿದು, ಹೆಗಲ ಟವೆಲನ್ನೂ ಅವರ ಹೆಗಲಿಗೆ ಹಾಕಿ ಅಂಕಣಕ್ಕೆ ಇಳಿದ. ಬನಿಯನ್ನಿನ ಬೆನ್ನಿಗೆ ಒಂಬತ್ತು ವರ್ಷದ ಹಿಂದೆ ಅಂಗಡಿಯವನು ಹಾಕಿದ್ದ ಪಿನ್ನು ಇನ್ನೂ ಇತ್ತು.

ಆತನ ಎರಡು ನಿಮಿಷದ ಆಟವನ್ನು ವಿವರಿಸುವುದು ದಯೆಯಿಲ್ಲದ ಕೆಲಸ. ಚೆಂಡು ಒಂದು ಸಲ ಆತನ ಬೆನ್ನಿಗೆ ಬಡಿಯಿತು, ಇನ್ನೊಂದು ಸಲ ಕಿವಿಗೆ. ಓಡಲು ಹೋಗಿ ತನ್ನ ತಂಡದವನ ಕಾಲನ್ನೇ ತುಳಿದ. ಕಡೆಗೆ ಜಯಕುಮಾರ್, "ಏನೂ ಮಾಡ್ಬೇಡಪ್ಪ! ಸುಮ್ನೆ ಒಂದ್ಕಡೆ ನಿಂತ್ಕೊ!" ಅಂತ ಕೂಗಿದರು.

ಇತ್ತ ಕುರ್ಚಿಯ ಹತ್ತಿರ ಜಯಕುಮಾರರ ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ಸಾಹೇಬರು' ಅಂತಿತ್ತು. ನಾಗಲಿಂಗಯ್ಯನವರು ಸಟ್ಟನೆ ನೆಟ್ಟಗಾಗಿ, ಫೋನಿಗೇ ಒಂದು ಸಲಾಮು ಹೊಡೆದು, ಮೂವತ್ತಾರು ವರ್ಷ ಪಳಗಿದ ದನಿಯಲ್ಲಿ ಮಾತಾಡಿದರು: "ನಮಸ್ಕಾರ ಸಾರ್. ಸಾಹೇಬ್ರು ಸ್ಥಳ ತನಿಖೆಯಲ್ಲಿದ್ದಾರೆ ಸಾರ್. ಬಂದ ತಕ್ಷಣ ಮಾತಾಡಿಸ್ತೀನಿ ಸಾರ್." ಫೋನು ಇಟ್ಟು, ಲೋಟಗಳಿಗೆ ನೀರು ತುಂಬಿ ಸಾಲಾಗಿಟ್ಟರು. ಬಾಯಾರಿದವರು ಕೇಳುವ ಮೊದಲೇ ನೀರಿರಬೇಕು ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂಬತ್ತು ಸೆಕೆಂಡು ಉಳಿದಿತ್ತು. ಚೆಂಡು ಪ್ರಭುದೇವನ ಕೈಗೆ ಬಂತು. ಪಾವಗಡದವರೆಲ್ಲ ಎದ್ದು ನಿಂತು "ಕೊಟ್ರಾ ಪ್ರಭೂ! ಕೊಟ್ಟೆಯ್ ಸಾಮೀ!" ಅಂತ, ಹೊಡಿ ಹೊಡಿ ಅನ್ನುವುದನ್ನು ತೆಲುಗಿನಲ್ಲಿ ಕಿರುಚಿದರು. ನಾಗಭೂಷಣ್ ನೋಡಿದ. ಪ್ರಭುದೇವ್ ಒಂದು ಸಲ ಪುಟಿಸಿದ. ಎರಡು ಸಲ. ನಾಲಿಗೆ ಕಚ್ಚಿದ.

ನಾಗಭೂಷಣನಿಗೆ ಆಡಲು ಬರುತ್ತಿರಲಿಲ್ಲ, ಆದರೆ ಮುಂದೇನಾಗುತ್ತದೆ ಅನ್ನುವುದು ಆ ಮೈದಾನದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಪ್ರಭುದೇವನ ಎಡಕ್ಕೆ ಮೂರು ಹೆಜ್ಜೆ ನಡೆದ. ಎರಡೂ ಕಾಲು ಊರಿ, ಕೈ ಎದೆಗೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಶಿವನನ್ನು ನೆನೆದು ನಿಂತ. ಹೆದರಿಕೆಗೆ ಕಾಲು ನೆಲಕ್ಕೆ ಅಂಟಿಹೋಗಿದ್ದವು. ಬೇಕೆಂದರೂ ಕದಲುವಂತಿರಲಿಲ್ಲ.

ಆರಡಿ ಎರಡಂಗುಲ ಬಂದು ಐದಡಿ ಮೂರಂಗುಲಕ್ಕೆ ಗುದ್ದಿತು. ನಾಗಭೂಷಣ್ ಎರಡು ಮಾರು ಹಿಂದಕ್ಕೆ ಜಾರಿ, ಅಂಕಣದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟ. ಚೆಂಡು ಬುಟ್ಟಿಯೊಳಗೆ ಬಿತ್ತು. ಪೀಪಿಯೂ ಕೂಗಿತು. ಎಲ್ಲರೂ ರೆಫರಿಯ ಕಡೆ ನೋಡಿದರು.

ರೆಫರಿ ಕೈ ತಿರುಗಿಸಿದರು. ನಿಂತಿದ್ದವನ ಮೇಲೆ ಹೋಗಿ ಗುದ್ದಿದ್ದು ಪ್ರಭುದೇವನ ತಪ್ಪು. ಅಂಕ ಇಲ್ಲ. ಅದು ಅವನ ಐದನೇ ಫೌಲು, ಅವನು ಆಚೆಗೆ. ಚೆಂಡು ಮಧುಗಿರಿಗೆ.

ಪ್ರಭುದೇವ್ ತಲೆ ಮೇಲೆ ಕೈ ಹೊತ್ತು ನಿಂತ. "ಊರಿಕೇ ನಿಲ್ಚುನ್ನಾಡು ಕದಪ್ಪಾ! ಸುಮ್ನೆ ನಿಂತಿರೋನಿಗೆ ಬಾಲ್ ಕೊಡ್ತಾರಾ? ಇದ್ಯಾವ ನ್ಯಾಯ ಸಾಮೀ!" ಅಂತ ಪಾವಗಡದವರು ಬಾಯಿ ಬಡಿದುಕೊಂಡರು. ಉಳಿದ ಮೂರು ಸೆಕೆಂಡು ಜಯಕುಮಾರ್ ಚೆಂಡನ್ನು ಮಗುವಿನ ಹಾಗೆ ಅಪ್ಪಿಕೊಂಡು ನಿಂತರು. ಮಧುಗಿರಿ ಗೆದ್ದಿತ್ತು.

ನಾಗಲಿಂಗಯ್ಯನವರು ಬಸವಲಿಂಗಯ್ಯನ ರಟ್ಟೆ ಹಿಡಿದು ಕುಲುಕಿದರು.

"ನೋಡಿದ್ಯೇನ್ಲಾ! ಓಡೋ ಕೆಲ್ಸಕ್ಕೆ ಹಾಕಿದ್ರೂ ಓಡ್ಲಿಲ್ಲ! ಮೈದಾನದ ಮಧ್ಯಕ್ಕೆ ಹೋಗಿ ಕೂತ್ಬುಟ್ರು! ಕೂತ್ಕಂಡೇ ಆ ಉದ್ದಾನೇ ಆಳನ್ನ ಸಸ್ಪೆಂಡ್ ಮಾಡ್ಸಿದ್ರು!"

ಬಸವಲಿಂಗಯ್ಯನಿಗೆ ಈ ಸಲ ತೂತು ಹುಡುಕುವ ಶಕ್ತಿಯೂ ಇರಲಿಲ್ಲ. ಕೈ ಮುಗಿದುಬಿಟ್ಟ.

ಸೊಂಟ ಹಿಡಿದುಕೊಂಡು ಬಂದ ನಾಗಭೂಷಣನ ಕಿವಿಗೆ ಇದೆಲ್ಲ ಬಿತ್ತು. ಯಶಸ್ವಿನಿ ನಗುತ್ತ ಫಾರಮನ್ನೂ ಪೆನ್ನನ್ನೂ ಅಪ್ಪನ ಕೈಗೆ ಕೊಟ್ಟಳು. ಗಂಟೆ ಐದಕ್ಕೆ ಎಂಟು ನಿಮಿಷ.

"ಹಾಕ್ತೀನವ್ವ, ಹಾಕ್ತೀನಿ. ಅದ್ರ ಮುಂಚೆ ಹಾಸ್ಟೆಲ್‌ನೋರ್ನ ಇಲ್ಲಿಗ್ ಕರೀರಿ. ನನ್ ಮಗಳಿಗೆ ಕುರ್ಚಿ ಬಿಟ್ಟು ಬೇರೆ ಕೆಲ್ಸ ಕೊಡಲ್ಲ ಅಂತ ಬರ್ಕೊಡ್ಲಿ. ಭಾವನ ಹೆಸ್ರು ಉಳಿಸ್ಬೇಕು ನೀನು."

ಯಶಸ್ವಿನಿಯ ನಗು ಆರಿಹೋಯಿತು. ಅವಳು ಅಳಲಿಲ್ಲ. ಕಾಲ ಬೆರಳಿನಿಂದ ಮಣ್ಣು ಕೆರೆಯುತ್ತ ನಿಂತಳು. ನಾಗಭೂಷಣನಿಗೆ ಅವಳ ಮುಖ ನೋಡಲಾಗಲಿಲ್ಲ. ತನ್ನ ಬಹುವಚನಕ್ಕೆ ಈ ಹುಡುಗಿಯ ಓಟ ಬಲಿಯಾಗುತ್ತಿದೆ ಅನಿಸಿತು. ಇನ್ನು ತಡೆಯಲಾಗಲಿಲ್ಲ.

"ಮಾವ, ಅದು ದೊಡ್ಡ ಪೋಸ್ಟಲ್ಲ. ಆಡಕ್ಕೆ ಬರ್ದೋರನ್ನ ಕೂರಿಸ್ತಾರೆ. ಚೆನ್ನಾಗಿ ಆಡೋರು ಒಳಗೆ ಓಡ್ತಾರೆ. ನನ್ನ ಒಂಬತ್ತು ವರ್ಷ ಯಾರೂ ಕರೀಲಿಲ್ಲ, ಅದ್ಕೇ ಕೂತಿದ್ದೆ. ನೀವು ದೊಡ್ಡದಾಗಿ ಅಂದ್ಕೊಂಡ್ರಿ, ನಂಗೆ ಹಿತವಾಯ್ತು, ಸುಮ್ಮನಿದ್ಬಿಟ್ಟೆ. ತಪ್ಪು ನಂದೇ."

ಮಂಜುಶ್ರೀ "ಏನ್ರೀ!" ಅಂತ ಬಾಯಿಗೆ ಸೆರಗು ಇಟ್ಟುಕೊಂಡಳು. ಊರವರು ಮಿಕಮಿಕ ನೋಡಿದರು. ನಾಗಲಿಂಗಯ್ಯನವರ ಹೆಗಲ ಮೇಲೆ ಇನ್ನೂ ಆ ಟವೆಲಿತ್ತು. ಅವರು ಅಳಿಯನನ್ನು ನೋಡಿದರು, ಸಾಲಾಗಿಟ್ಟಿದ್ದ ನೀರಿನ ಲೋಟಗಳನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದರು.

"ಅಂಗಂದ್ರೆ," ಅಂದರು ನಿಧಾನಕ್ಕೆ, "ಅದು ಸಾಹೇಬ್ರ ಕುರ್ಚಿ ಅಲ್ಲ. ಬಾಗಿಲಾಚೆ ಸ್ಟೂಲು."

"ಹೂಂ ಮಾವ."

"ಯಾವಾಗ ಬೆಲ್ ಆಗುತ್ತೋ ಅಂತ ಕಾಯೋದು."

"ಹೂಂ."

"ಮೂವತ್ತಾರು ವರ್ಷ ನಾನೂ ಅದ್ರ ಮೇಲೇ ಕೂತಿದ್ದು." "ಒಳಗಿರೋರ್ಗೆ ನಾವಿರೋದೇ ಗೊತ್ತಾಗಲ್ಲ ಅಳಿಯಂದ್ರೇ. ಒಂದಿನ ರಜಾ ಹಾಕಿದ್ರೆ ಗೊತ್ತಾಗುತ್ತೆ. ಒಂಬತ್ತು ವರ್ಷಕ್ಕೆ ಒಂದ್ಸಲ ಬೆಲ್ ಆಯ್ತು, ನೀವು ಎದ್ದೋದ್ರಲ್ಲ, ಅಷ್ಟ್ ಸಾಕು."

ಗುದ್ದು ತಿಂದ ಎದೆ ಆಗ ಮೊದಲ ಬಾರಿಗೆ ನಾಗಭೂಷಣನಿಗೆ ನೋಯಿತು. ಮಾವ ಸತ್ಯ ಕೇಳಿದ ಮೇಲೂ 'ಅಳಿಯಂದ್ರೇ' ಅಂದಿದ್ದರು.

"ಐದು ನಿಮಿಷ ಐತಪ್ಪ" ಅಂದಳು ಯಶಸ್ವಿನಿ ಮೆಲ್ಲಗೆ. ಹಾಸ್ಟೆಲಿನವರ ಟೇಬಲ್ ಮೈದಾನದ ಆ ತುದಿಯಲ್ಲಿತ್ತು. ಅಲ್ಲಿ ಆಗಲೇ ಕಾಗದಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

ನಾಗಲಿಂಗಯ್ಯನವರು ನಿಂತುಕೊಂಡೇ, ಬಗ್ಗಿ, ತೊಡೆಯ ಮೇಲೆ ಕಾಗದ ಇಟ್ಟುಕೊಳ್ಳಲು ಹೋದರು. ಮೇಲಿನವರ ಸಹಿಗೆ ಕಾಗದ ಹಿಡಿದು ನಿಂತೇ ರೂಢಿ. ನಾಗಭೂಷಣ್ ಕುರ್ಚಿ ಎಳೆದು, "ಕೂತ್ಕಂಡು ಹಾಕಿ ಮಾವ" ಅಂದ. ಅವರು ಒಂದು ಗಳಿಗೆ ಅನುಮಾನಿಸಿ, ಪಂಚೆ ಸರಿಮಾಡಿಕೊಂಡು ಕೂತರು. ಫಾರಮನ್ನು ಮೊದಲಿಂದ ಕೊನೆವರೆಗೆ ಓದಿದರು. ಯಾರೋ ಕೆಮ್ಮಿದ್ದಕ್ಕೆ ಕಣ್ಣೆತ್ತಿ ನೋಡಿದರು, ಕೆಮ್ಮು ನಿಂತಿತು. ಆಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಹೆಸರಿನ ಜೊತೆ ಊರು, ಹೋಬಳಿ, ತಾಲ್ಲೂಕು ಸೇರಿಸಿ ಸಹಿ ಹಾಕಿದರು. ದಿನಾಂಕ ಹಾಕಿದರು. ಎರಡು ಸಲ ಊದಿ ಒಣಗಿಸಿ ಮಗಳ ಕೈಗೆ ಕೊಟ್ಟರು.

ಅವಳು ಫಾರಂ ಹಿಡಿದು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು.

"ನಿಂತ್ಕಂಡು ಏನ್ ನೋಡ್ತೀಯೇ? ಟೇಬಲ್ ಮುಚ್ಚ್‌ಬುಡ್ತಾರೆ!" ಕುರ್ಚಿಯಿಂದಲೇ ನಾಗಲಿಂಗಯ್ಯನವರು ಗಂಟಲು ಹರಿಯುವಂತೆ ಕೂಗಿದರು. "ಓಡು! ಓಡೇ!"

ಯಶಸ್ವಿನಿ ಓಡಿದಳು. ಶಾಮಿಯಾನದ ಹಗ್ಗ ಹಾರಿದಳು, ಪಾವಗಡದವರ ಗುಂಪಿನ ನಡುವೆ ನುಸುಳಿದಳು, ಎದುರಿಗೆ ಬಂದ ಪ್ರಭುದೇವನನ್ನು ಬಲಕ್ಕೆ ಬಾಗಿ ಎಡಕ್ಕೆ ದಾಟಿದಳು. ಅವನು ತಿರುಗಿ ನೋಡುವಷ್ಟರಲ್ಲಿ ಆ ತುದಿ ಮುಟ್ಟಿದ್ದಳು.

ನಾಗಲಿಂಗಯ್ಯನವರು ಬಾಯಿ ತೆರೆದುಕೊಂಡು ಎದ್ದು ನಿಂತರು. ಮಡಿಲಿನಲ್ಲಿದ್ದ ಆರು ಫೋನೂ ನೆಲಕ್ಕೆ ಬಿದ್ದವು. ಹದಿನಾರು ವರ್ಷ ಸಾಕಿದ ಮಗಳು ಓಡುವುದನ್ನು ಅವರು ನೋಡಿದ್ದು ಅದೇ ಮೊದಲು.

"ಅಯ್ಯೋ ನನ್ ಶಿವನೇ," ಅಂದರು, "ಇವಳ್ನ ಕೂರಿಸ್ಬೇಕು ಅಂತಿದ್ನಲ್ಲಪ್ಪ ನಾನು!"